ಆ ಟ್ರೇಡ್ ನಷ್ಟವೇ ಅಂತ ಈಗಲೇ ಹೇಳೋಕಾಗಲ್ಲ

ನಿಮ್ಮ ಐಸ್ ಹಾಕಿ ತಂಡ ಟ್ರೇಡ್‌ನಲ್ಲಿ, ಅಂದರೆ ಆಟಗಾರರ ಅದಲುಬದಲಿನಲ್ಲಿ, 27 ವರ್ಷದ ವಿಂಗರ್‌ನ (ಅಂಚಲ್ಲಿ ಆಡೋ ಫಾರ್ವರ್ಡ್, ಅಂದರೆ ದಾಳಿ ಆಟಗಾರ) ಕೊಟ್ಟು 20 ವರ್ಷದ ಡಿಫೆನ್ಸ್‌ಮನ್‌ನ (ರಕ್ಷಣಾ ಆಟಗಾರ) ತಂದಿದ್ದು ನಷ್ಟ ಅಂತ ನಿಮಗೆ ಅನ್ನಿಸ್ತಿರೋದು ಬಹುಶಃ ಇಬ್ಬರ ಈ ಸೀಸನ್ನಿನ ಪಾಯಿಂಟ್ಸ್ (ಗೋಲು, ಅಸಿಸ್ಟ್ ಸೇರಿ) ಅಕ್ಕಪಕ್ಕ ಇಟ್ಟಿದ್ದರಿಂದ. ಡಿಫೆನ್ಸ್‌ಮನ್ ಪಳಗೋದು ಸಾಮಾನ್ಯವಾಗಿ ಫಾರ್ವರ್ಡ್‌ಗಿಂತ ತಡ. ಗೋಲ್‌ಕೀಪರ್ ಇನ್ನೂ ತಡ.

ಮೊದಲು ಪವರ್‌ಪ್ಲೇ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರರು ಕಡಿಮೆ ಇರೋ ಹೊತ್ತು) ಪಾಯಿಂಟ್ಸ್ ಕಳೆದು, ಗೋಲಿ ಬಿಟ್ಟು ಎರಡೂ ಕಡೆ ಐದೈದು ಜನ ಇರೋ ಆಟದಲ್ಲಿ 60 ನಿಮಿಷಕ್ಕೆ ಎಷ್ಟು ಪಾಯಿಂಟ್ಸ್ ಅಂತ ಲೆಕ್ಕ ಹಾಕಿ. ಆಮೇಲೆ ವಿಂಗರ್‌ನ ಶೂಟಿಂಗ್ ಶೇಕಡಾವಾರು, ಅಂದರೆ ಗೋಲಿನತ್ತ ಹೊಡೆದ ನೂರು ಶಾಟ್‌ಗೆ ಎಷ್ಟು ಗೋಲು ಅನ್ನೋದು ನೋಡಿ. ಮೂರು ವರ್ಷ 10ರ ಆಸುಪಾಸು ಇದ್ದದ್ದು ಈಗ 18 ಆಗಿದ್ದರೆ ಅದು ಹೆಚ್ಚು ದಿನ ನಿಲ್ಲಲ್ಲ. ಆ ಡಿಫೆನ್ಸ್‌ಮನ್ ಹುಡುಗನ ವಿಷಯದಲ್ಲಿ ಗೋಲಿನ ಲೆಕ್ಕ ಬಿಡಿ. ಕೋಚ್ ಅವನನ್ನ ಎದುರಾಳಿಯ ಮೊದಲ ಲೈನ್ (ಅವರ ಅತ್ಯುತ್ತಮ ಫಾರ್ವರ್ಡ್‌ಗಳ ಗುಂಪು) ಎದುರು ಇಳಿಸ್ತಿದ್ದಾರಾ, ಪೆನಾಲ್ಟಿ ಕಿಲ್‌ಗೆ (ಪೆನಾಲ್ಟಿಯಿಂದ ತನ್ನ ತಂಡದಲ್ಲಿ ಜನ ಕಡಿಮೆ ಇದ್ದಾಗ ಗೋಲು ತಡೆಯೋಕೆ) ಕಳಿಸ್ತಿದ್ದಾರಾ, ಅದೇ ಮುಖ್ಯ. ಇಬ್ಬರ ಒಪ್ಪಂದ ಎಷ್ಟು ವರ್ಷ ಉಳಿದಿದೆ ಅನ್ನೋದನ್ನೂ ನೋಡಿ.

ಒಂದು ಉದಾಹರಣೆ: 2013ರಲ್ಲಿ NHL (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ತಂಡ ನ್ಯಾಶ್‌ವಿಲ್‌ಗೆ ಟ್ರೇಡ್ ಆಗಿ ಬಂದ ಎಳೆಯ ಫಾರ್ವರ್ಡ್ ಫಿಲಿಪ್ ಫೋರ್ಸ್‌ಬರ್ಗ್ 2013-14ರಲ್ಲಿ 13 ಪಂದ್ಯಕ್ಕೆ ಹೊಡೆದದ್ದು ಒಂದೇ ಗೋಲು, ಮರುವರ್ಷ 26. ಎಲ್ಲರೂ ಹಾಗೆ ಬೆಳೀತಾರೆ ಅಂತೇನಿಲ್ಲ, ಆದರೂ ಇನ್ನೆರಡು ಸೀಸನ್ ಬಿಟ್ಟು ಇದೇ ಲೆಕ್ಕ ಮತ್ತೆ ಹಾಕಿ.