ನೋಡೋಕೆ ಏನೂ ಇಲ್ಲದ ಊರಲ್ಲಿ ಮನೆ ಇರೋದೇ ಪುಣ್ಯ ಕಣ್ರೀ

ಓದುಗರ ಪತ್ರ: ನಾನು ದಾವಣಗೆರೆ ವಿದ್ಯಾನಗರದವಳು, ಹೈಸ್ಕೂಲ್ ಟೀಚರಾಗಿ ರಿಟೈರ್ ಆಗಿದ್ದೀನಿ, ಯಜಮಾನರದ್ದೂ ಸರ್ವಿಸ್ ಮುಗೀತು. ಇಲ್ಲಿನ ಮನೆ ಮಾರಿ ಚಿಕ್ಕಮಗಳೂರು ಹತ್ರ ಒಂದು ಹೊಸ ಲೇಔಟಲ್ಲಿ 30-40ರ ಸೈಟು ತಗೊಂಡು ಮನೆ ಕಟ್ಟಿಸೋಣ, ಮೇಲೆ ನಾವು, ಕೆಳಗೆ ಮೂರು ರೂಮು ಹೋಂಸ್ಟೇ ಅಂತ ಯೋಚನೆ. ರೂಮಿಗೆ 2,500, ತಿಂಗಳಿಗೆ ಎಂಟು ವೀಕೆಂಡ್ ರಾತ್ರಿ ಅಂದ್ರೂ 60,000 ಬರುತ್ತೆ, 40 ಲಕ್ಷದ ಲೋನು ತಾನಾಗೇ ತೀರುತ್ತೆ ಅಂತ ಬ್ರೋಕರ್ ಹೇಳ್ತಾರೆ. ದಾವಣಗೆರೆಯಲ್ಲಿ ಬಿಸಿಲು, ಧೂಳು, ನೋಡೋಕೆ ಏನೂ ಇಲ್ಲ. ಅಲ್ಲಾದ್ರೆ ಬೆಂಗಳೂರಿಂದ ಮಗ, ಸೊಸೆನೂ ಆಗಾಗ ಬರ್ತೀವಿ ಅಂತಾರೆ. ಧೈರ್ಯ ಮಾಡಬಹುದಾ ಸರ್?

ಸಂಪಾದಕರ ಉತ್ತರ: ಮೇಡಂ, ನಿಮ್ಮ ಅಕ್ಷರ ನೋಡಿ ಮೊದಲು ಖುಷಿ ಆಯ್ತು, ಎಷ್ಟು ವರ್ಷ ಬೋರ್ಡ್ ಮೇಲೆ ಬರೆದ ಕೈ ಅಂತ ಗೊತ್ತಾಗುತ್ತೆ. ಆದ್ರೆ "ನೋಡೋಕೆ ಏನೂ ಇಲ್ಲ" ಅನ್ನೋ ಸಾಲು ಬಂತಲ್ಲ, ಅಲ್ಲಿ ನನಗೆ ಚುರ್ ಅಂತು. ನೀವೇ ಹಿಂಗಂದ್ರೆ ಹೆಂಗೆ?

ಚಿಕ್ಕಮಗಳೂರಿನ ಬಗ್ಗೆ ನನಗೇನೂ ಕೋಪ ಇಲ್ಲ. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ಹತ್ರ ಹೋದಾಗ ಅಲ್ಲಿ ಸಂಜೆ ಗಾಳಿ ತಣ್ಣಗಿರುತ್ತೆ ಅನ್ನೋದು ನಿಜ, ಕಾಫಿ ರೇಟು ಬಿದ್ದಿದ್ದ ಕಾಲದಲ್ಲಿ ಹೋಂಸ್ಟೇ ಮಾಡಿಕೊಂಡೇ ತೋಟ ಉಳಿಸಿಕೊಂಡ ಮನೆಗಳೂ ಇವೆ. ಅವರಿಗೆ ತೋಟ ಮೊದಲಿತ್ತು, ಅತಿಥಿ ಆಮೇಲೆ ಬಂದ. ನೀವು ಅತಿಥೀನ ನಂಬಿಕೊಂಡು ಮನೆ ಕಟ್ಟೋಕೆ ಹೊರಟಿದ್ದೀರಿ, ವ್ಯತ್ಯಾಸ ಇರೋದು ಅಲ್ಲೇ.

ಮೊದಲು ಬ್ರೋಕರ್ ಲೆಕ್ಕ ನೋಡೋಣ. ರಿಟೈರ್ ಆದವರಿಗೆ ಬ್ಯಾಂಕಿನವರು ಇಪ್ಪತ್ತು ವರ್ಷದ ಲೋನ್ ಕೊಡಲ್ಲ, ಬಹಳ ಅಂದ್ರೆ ಹತ್ತು ವರ್ಷ ಅಂತ ಇಟ್ಕೊಳ್ಳಿ. 40 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಇಎಂಐ ಸುಮಾರು 49,600 ಆಗುತ್ತೆ. ನಿಮ್ಮ 60,000 ಬರಬೇಕು ಅಂದ್ರೆ ಎಂಟೂ ರಾತ್ರಿ ಮೂರೂ ರೂಮು ತುಂಬಿರಬೇಕು, ಒಂದೂ ಕ್ಯಾನ್ಸಲ್ ಆಗಬಾರದು. ಅದರಲ್ಲಿ ಬುಕಿಂಗ್ ಆ್ಯಪ್‌ನವರ ಕಮಿಷನ್, ಕೆಲಸದವರ ಸಂಬಳ, ಬೆಡ್‌ಶೀಟ್ ಒಗೆಸೋದು, ಗೀಸರ್ ಕರೆಂಟು, ಬೆಳಗಿನ ತಿಂಡಿ ಎಲ್ಲ ಕಳೀರಿ. ಮಾರ್ಚಲ್ಲಿ ಪರೀಕ್ಷೆ, ಯಾರೂ ಬರಲ್ಲ, ಅದು ನಿಮಗೇ ಚೆನ್ನಾಗಿ ಗೊತ್ತು. ಜುಲೈನಲ್ಲಿ ಮಳೆ ಜಾಸ್ತಿ ಆದ್ರೆ ಘಾಟಿ ಬಂದ್. ಇಎಂಐಗೆ ಮಾತ್ರ ಮಳೆಗಾಲ ಅಂತ ಒಂದಿಲ್ಲ.

ಇನ್ನು ಕೆಲಸ. ಹೋಂಸ್ಟೇ ಅಂದ್ರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು, ಮನೆ ಯಜಮಾನರು ಅಲ್ಲೇ ವಾಸ ಇರಬೇಕು, ಫಾರಿನ್ ಗೆಸ್ಟ್ ಬಂದ್ರೆ 24 ಗಂಟೆ ಒಳಗೆ ಸರ್ಕಾರಕ್ಕೆ ಅವರ ಮಾಹಿತಿ ಕೊಡೋ ಫಾರ್ಮ್ ಸಿ ತುಂಬಬೇಕು. ಅದೆಲ್ಲ ಕಾಗದದ ಕೆಲಸ, ಟೀಚರಿಗೆ ಕಷ್ಟ ಅಲ್ಲ. ಕಷ್ಟ ಇರೋದು ರಾತ್ರಿ ಹನ್ನೊಂದೂವರೆಗೆ ಕೆಳಗಿನಿಂದ "ಆಂಟಿ, ಸ್ವಲ್ಪ ಐಸ್ ಸಿಗುತ್ತಾ" ಅಂತ ಕೂಗ್ತಾರಲ್ಲ, ಅದು. ನನ್ನ ಪರಿಚಯದ ದಂಪತಿ ಒಬ್ಬರು ಹಿಂಗೇ ಒಂದು ಗಿರಿಧಾಮದಲ್ಲಿ ಶುರು ಮಾಡಿದ್ರು. ಆಯಮ್ಮ ಹೇಳಿದ್ದು ಇಷ್ಟೇ: ಶನಿವಾರ ನಮ್ಮ ಮನೇಲಿ ನಾವೇ ಮೆತ್ತಗೆ ಮಾತಾಡ್ತೀವಿ, ಸೋಮವಾರ ಮಾತಾಡೋಕೆ ಬೀದಿಯಲ್ಲಿ ಒಬ್ಬರೂ ಇರಲ್ಲ. ಅಕ್ಕಪಕ್ಕದ ಮನೆ ಎಲ್ಲಾ ಬೆಂಗಳೂರಿನವರದ್ದು, ಬೀಗ ಹಾಕಿರುತ್ತೆ. ಸಕ್ಕರೆ ಖಾಲಿ ಆದ್ರೆ ಒಂದು ಲೋಟ ಇಸ್ಕೊಳ್ಳೋಣ ಅಂದ್ರೂ ಯಾರ ಮನೆ ಬಾಗಿಲು ಬಡಿಯೋದು?

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ವೆನಿಸ್ ನೋಡಿ, 1950ರ ದಶಕದ ಶುರುವಿನಲ್ಲಿ ಹಳೇ ಊರೊಳಗೆ ಸುಮಾರು 1.75 ಲಕ್ಷ ಜನ ಇದ್ರು, 2022ಕ್ಕೆ 50,000ಕ್ಕಿಂತ ಕೆಳಗೆ ಇಳೀತು. ಯುದ್ಧ ಆಗಲಿಲ್ಲ, ಬರ ಬರಲಿಲ್ಲ, ಬಂದೋರು ಬರೀ ಟೂರಿಸ್ಟುಗಳು. 2024ರ ಏಪ್ರಿಲ್‌ನಲ್ಲಿ ರಶ್ ಇರೋ ದಿನ ಬಂದು ಹೋಗೋರಿಗೆ 5 ಯೂರೋ ಟಿಕೆಟ್ ಶುರು ಮಾಡಿದ್ರು, ಊರಿಗೆ ಟಿಕೆಟ್ ರೀ, ಝೂಗಲ್ಲ. ಬಾರ್ಸಿಲೋನಾದಲ್ಲಿ ಬಾಡಿಗೆ ಏರಿ ಏರಿ ಊರಿನವರಿಗೇ ಮನೆ ಸಿಗದೆ, ಟೂರಿಸ್ಟುಗಳಿಗೆ ಬಾಡಿಗೆ ಕೊಡೋ ಹತ್ತು ಸಾವಿರ ಚಿಲ್ಲರೆ ಫ್ಲಾಟುಗಳ ಲೈಸೆನ್ಸನ್ನ 2028ರ ನವೆಂಬರ್ ಹೊತ್ತಿಗೆ ನಿಲ್ಲಿಸ್ತೀವಿ ಅಂತ ಅಲ್ಲಿನ ಮೇಯರ್ ಹೇಳಿದ್ದಾರೆ. ಆ ಫ್ಲಾಟ್ ತಗೊಂಡವರೂ ನಿಮ್ಮ ಥರಾನೇ ಲೆಕ್ಕ ಹಾಕಿದ್ರು ತಾನೇ?

ಅಷ್ಟು ದೂರ ಯಾಕೆ, ಹಂಪಿಗೆ ಬರ್ರಿ. ವಿರೂಪಾಕ್ಷ ದೇವಸ್ಥಾನದ ಎದುರು ಬಜಾರಿನ ಸಾಲು ಮಂಟಪಗಳಲ್ಲೇ ಸಂಸಾರ, ಅಂಗಡಿ, ಲಾಡ್ಜು ಅಂತ ಜನ ಬದುಕಿದ್ರು, 2011ರ ಜುಲೈನಲ್ಲಿ ಜೆಸಿಬಿ ಬಂತು. ಹೊಳೆ ಆಚೆ ವಿರುಪಾಪುರ ಗಡ್ಡೆಯಲ್ಲಿ ರೆಸಾರ್ಟ್ ಕಟ್ಟಿದವರು ಸುಪ್ರೀಂ ಕೋರ್ಟಿನವರೆಗೂ ಹೋದ್ರು, 2020ರಲ್ಲಿ ಅಲ್ಲೂ ಸೋತು ಅವೂ ನೆಲಸಮ. ಸ್ಮಾರಕ ಉಳಿಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೋಡೋಕೆ ಚೆಂದ ಇರೋ ಜಾಗದಲ್ಲಿ ಮೊದಲ ಹಕ್ಕು ನೋಡೋಕೆ ಬಂದೋರಿಗೆ, ಎರಡನೇದು ಸರ್ಕಾರಕ್ಕೆ, ಅಲ್ಲಿ ವಾಸ ಇರೋನು ಮೂರನೇಯವನು. ಊಟಿಗೆ ಹೊರಗಿನ ಗಾಡಿ ಹೋಗಬೇಕಾದ್ರೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಮುಳ್ಳಯ್ಯನಗಿರಿ ಕಡೆಗೂ ಈಗ ಆನ್‌ಲೈನ್ ಬುಕಿಂಗ್ ಬಂದಿದೆ. ನಾಳೆ ನಿಮ್ಮ ತಮ್ಮ ನಿಮ್ಮನ್ನ ಮಾತಾಡಿಸೋಕೆ ಬರಬೇಕಾದ್ರೂ ಮೊಬೈಲಲ್ಲಿ ಸ್ಲಾಟ್ ನೋಡೋ ಕಾಲ ಬಂದ್ರೆ ಏನ್ ಮಾಡ್ತೀರಿ?

ಈಗ ನಮ್ಮೂರಿಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. 1997ರಲ್ಲಿ ಜಿಲ್ಲೆ ಒಡೆದಾಗ ಕೋಟೆ, ಒನಕೆ ಓಬವ್ವನ ಕಿಂಡಿ, ಚಂದ್ರವಳ್ಳಿ ಎಲ್ಲ ಚಿತ್ರದುರ್ಗದ ಪಾಲಾಯ್ತು, ನಮಗೆ ಬಂದಿದ್ದು ಹತ್ತಿ ಗಿರಣಿಯ ಖಾಲಿ ಶೆಡ್ಡು, ಮಂಡಕ್ಕಿ ಭಟ್ಟಿ ಹೊಗೆ ಮತ್ತೆ ಅಶೋಕ ರೋಡಿನ ರೈಲ್ವೆ ಗೇಟು. ನಗಬೇಡಿ. ಆ ಖಾಲಿ ಕೈಯಲ್ಲೇ ಈ ಊರು ಕಾಲೇಜು, ಆಸ್ಪತ್ರೆ ಕಟ್ಟಿಕೊಂಡು ನಿಂತಿದೆ. ರಾತ್ರಿ ಎರಡು ಗಂಟೆಗೆ ಯಜಮಾನರಿಗೆ ಎದೆ ನೋವು ಅಂದ್ರೆ ಆಟೋದಲ್ಲಿ ಹತ್ತು ನಿಮಿಷಕ್ಕೆ ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಆಸ್ಪತ್ರೆ, ಯಾವುದಕ್ಕಾದ್ರೂ ಹೋಗಬಹುದು. ಕಾಫಿ ತೋಟದ ಮಧ್ಯೆ ಇರೋ ಲೇಔಟಿಂದ ಎಷ್ಟು ಹೊತ್ತಾಗುತ್ತೆ ಅಂತ ಬ್ರೋಕರ್ ಹತ್ರ ಕೇಳಿ, ಅವರು ವ್ಯೂ ತೋರಿಸ್ತಾರೆ.

ಟೂರಿಸ್ಟ್ ರುಚಿ ಹೆಂಗಿರುತ್ತೆ ಅಂತ ನಮಗೂ ಸ್ವಲ್ಪ ಗೊತ್ತು, ಬೆಣ್ಣೆ ದೋಸೆ ದೆಸೆಯಿಂದ. ಭಾನುವಾರ ಬೆಳಿಗ್ಗೆ ಹೈವೇ ಬಿಟ್ಟು ಊರೊಳಗೆ ಬಂದ ಕಾರುಗಳು ಹೋಟೆಲ್ ಮುಂದೆ ಅಡ್ಡಾದಿಡ್ಡಿ ನಿಂತಿರ್ತವೆ. ಮಾರ್ಕೆಟ್ಟಲ್ಲಿ ಮೂಟೆ ಇಳಿಸಿ ಹಸಿದು ಬಂದ ಹಮಾಲರು ಟವಲ್ ಹೆಗಲಿಗೆ ಹಾಕ್ಕೊಂಡು ಗೋಡೆಗೆ ಒರಗಿ ನಿಂತಿದ್ರು, ಒಂದು ಹುಡುಗಿ ಹೆಂಚಿನ ಮುಂದೆ ಮೊಬೈಲ್ ಹಿಡ್ಕೊಂಡು "ಅಣ್ಣಾ, ವಿಡಿಯೋ ಸರಿ ಬಂದಿಲ್ಲ, ಬೆಣ್ಣೆ ಇನ್ನೊಂದ್ಸಲ ಹಾಕಿ" ಅಂದ್ಲು. ಹಾಕಿದ್ರು ಕಣ್ರೀ! ಹಮಾಲರ ದೋಸೆ ಇನ್ನೊಂದು ಹತ್ತು ನಿಮಿಷ ಲೇಟು. ಇದು ವಾರಕ್ಕೊಂದು ಬೆಳಿಗ್ಗೆ ಅಷ್ಟೇ, ಸೋಮವಾರ ಹೋಟೆಲು ಮತ್ತೆ ನಮ್ಮದು. ಇಡೀ ಊರೇ ಹಿಂಗಾದ್ರೆ ಅಲ್ಲಿ ನಾವು ಯಾರು?

ಹಿಂಗಿದ್ದೂ ನಮ್ಮ ಪುಢಾರಿಗಳಿಗೆ ಟೂರಿಸಂ ಹುಚ್ಚು ಬಿಟ್ಟಿಲ್ಲ. ಕುಂದುವಾಡ ಕೆರೆ ಹತ್ರ ಗಾಜಿನ ಮನೆ ಆಯ್ತು, ಸಂತೋಷ. ಆದ್ರೆ ಯಾವ ಭಾಷಣ ಕೇಳಿದ್ರೂ ದಾವಣಗೆರೆಗೆ ಪ್ರವಾಸಿಗರು ಬರಬೇಕು ಅಂತಾರೆ, ಇಲ್ಲೇ ಇರೋರು ನಡೆಯೋಕೆ ಫುಟ್‌ಪಾತ್ ಬೇಕು ಅಂತ ಒಬ್ಬರೂ ಅನ್ನಲ್ಲ. ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ, 2016ರಲ್ಲೇ ಹೆಸರು ಬಂದ ಊರು ಇದು. ಸೆಲ್ಫಿ ಪಾಯಿಂಟ್‌ಗೆ ರಾತ್ರಿಯಿಡೀ ಲೈಟು, ಹಿಂದಿನ ಗಲ್ಲಿಯಲ್ಲಿ ಚರಂಡಿ ಬಾಯಿ ತೆರೆದುಕೊಂಡಿದೆ. ಇರೋ ಜನಕ್ಕೆ ಊರು ಹಸನಾದ್ರೆ ನಿಮ್ಮಂಥವರು ಮನೆ ಮಾರೋ ಮಾತೇ ಆಡ್ತಿರಲಿಲ್ಲ. ನೀವು ಬರೆದ ಧೂಳಿನ ದೂರು ನನ್ನದೂ ಹೌದು, ಅದಕ್ಕೆ ಜಗಳ ಆಡೋಣ ಬನ್ನಿ, ನಾನೂ ಬರ್ತೀನಿ.

ಮಗನ ವಿಷಯ ಬೇರೆ. ಪತ್ರದಲ್ಲಿ ಅದು ಕೊನೇ ಸಾಲು, ನನಗೇನೋ ಅದೇ ಮೊದಲನೇದು ಅನ್ನಿಸ್ತು. ಅಮ್ಮ ಇದ್ದಾಳೆ ಅಂತ ದಾವಣಗೆರೆಗೆ ಬರದ ಹುಡುಗ ಬೆಟ್ಟ ಇದೆ ಅಂತ ಚಿಕ್ಕಮಗಳೂರಿಗೆ ಬರ್ತಾನೆ ಅಂದ್ರೆ, ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ, ಅವನು ಬರೋದು ಬೆಟ್ಟಕ್ಕೆ. ಮೊದಲನೇ ವರ್ಷ ಫ್ರೆಂಡ್ಸ್ ಕರ್ಕೊಂಡು ಬರ್ತಾನೆ, ಆ ವಾರ ಮೂರು ರೂಮಿಗೂ ಬಾಡಿಗೆ ಇಲ್ಲ, ಅಡುಗೆ ನಿಮ್ಮದೇ. ಎರಡನೇ ವರ್ಷ ಅವನಿಗೆ ಸಕಲೇಶಪುರ ಚೆಂದ ಕಾಣುತ್ತೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬರ್ತಾರಲ್ಲ, ಅವರ್ಯಾರೂ ಊರು ನೋಡೋಕೆ ಬರಲ್ಲ, ನಿಮ್ಮನ್ನ ನೋಡೋಕೆ ಬರ್ತಾರೆ.

ಇಷ್ಟು ಹೇಳಿದ ಮೇಲೂ ತಗೊಳ್ಳೋದೇ ಅಂದ್ರೆ ಈ ಮನೆ ಮಾರಬೇಡಿ. ಬೀಗ ಹಾಕಿ ಅಲ್ಲಿ ಜೂನಿಂದ ಆಗಸ್ಟ್‌ವರೆಗೆ ಬಾಡಿಗೆ ಮನೇಲಿ ಇದ್ದು ನೋಡಿ, ಬಟ್ಟೆ ಒಣಗಲ್ಲ ಅನ್ನೋದು ಏನು ಅಂತ ಗೊತ್ತಾಗುತ್ತೆ. ಸೈಟಿನ ಭೂ ಪರಿವರ್ತನೆ ಡಿಸಿ ಆರ್ಡರ್ ಇದೆಯಾ, ಲೇಔಟ್ ಅಪ್ರೂವಲ್ ಆಗಿದೆಯಾ, ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರದ) ನಂಬರ್ ಏನು, ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಮೂಲ ಪತ್ರ ಎಲ್ಲ ಒಬ್ಬ ವಕೀಲರ ಕೈಗೆ ಕೊಡಿ, ಬ್ರೋಕರ್ ಹೇಳಿದ ವಕೀಲರು ಬೇಡ. ಆ ಕಡೆ ಅರಣ್ಯದ ಸೆಕ್ಷನ್ 4, ಅಂದ್ರೆ ಜಾಗಾನ ಮೀಸಲು ಅರಣ್ಯ ಮಾಡ್ತೀವಿ ಅಂತ ಹೊರಡಿಸೋ ಅಧಿಸೂಚನೆ, ಅದರ ತಕರಾರು ಬೇರೆ ಇರುತ್ತೆ, ಸರ್ವೆ ನಂಬರ್ ಹಿಡಿದು ವಿಚಾರಿಸಿ. ಊರಿನ ಮಿತಿಯೊಳಗಿನ ಸೈಟಾದ್ರೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ನೇ ಆಗಲ್ಲ, "ಆಮೇಲೆ ಮಾಡಿಸಿಕೊಡ್ತೀವಿ" ಅಂದ್ರೆ ಎದ್ದು ಬನ್ನಿ. ತೋಟದಲ್ಲಿ ಇಷ್ಟು ಗುಂಟೆ ಅಂತ ಜಂಟಿ ಹೆಸರಲ್ಲಿ ಬರೆಸಿಕೊಡ್ತೀವಿ ಅಂದ್ರಂತೂ ಕಾಫಿನೂ ಕುಡೀಬೇಡಿ.

ಮತ್ತೆ, ಟೋಕನ್ ಅಡ್ವಾನ್ಸ್ ಕೊಟ್ಟಿದ್ದೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಕೊಟ್ಟಿಲ್ಲ ಅಂದ್ರೆ ಈ ಸಂಚಿಕೆ ನಿಮ್ಮ ಕೈಗೆ ಬರೋವರೆಗೂ ಕೊಡಬೇಡಿ ಅಂತ ಹೇಳೋಕೆ ನಿನ್ನೆ ನಿಮ್ಮ ನಂಬರಿಗೆ ಫೋನ್ ಮಾಡಿಸಿದ್ದೆ. ಸ್ವಿಚ್ ಆಫ್ ಬಂತು. ಚಿಕ್ಕಮಗಳೂರಲ್ಲಿ ಇದ್ದೀರೇನೋ ಅಂತ ನನಗೆ ಡೌಟು.