ಮಾಡಿದಷ್ಟು ಅಂದರೆ ಎಷ್ಟು?

ನಾನು ಆಪ್ತಸಲಹೆಗಾರ್ತಿ. ಒಂದು ವರ್ಷದಲ್ಲಿ ಸಣ್ಣ ವ್ಯಾಪಾರದವರು ನನ್ನ ಬಳಿ ಬಂದದ್ದು ಇದು ಐದನೇ ಸಲ. ನಿದ್ದೆ ಇಲ್ಲ, ಮನೆಯಲ್ಲಿ ಮಾತಿಲ್ಲ ಅಂತ ಬರುತ್ತಾರೆ. ಅರ್ಧ ಗಂಟೆ ಕೂರಿಸಿ ಕೇಳಿದರೆ ಹೊರಬೀಳುವುದು ಮಾರಾಟವಾಗದೆ ಉಳಿದ ಸರಕಿನ ಕತೆ. ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಚಳ್ಳಕೆರೆ ಕಡೆಯ ದಂಪತಿ. ಮರದ ಗಾಣದಲ್ಲಿ ಶೇಂಗಾ ಎಣ್ಣೆ ತೆಗೆಯುತ್ತಾರೆ. ಸುತ್ತ ಎಣ್ಣೆ ಮಿಲ್ಲುಗಳೇ ಇರುವ ಊರು. ಗಾಣಕ್ಕೆ ಲೀಟರಿಗೆ ಎರಡೂವರೆ ಕೆಜಿ ಬೀಜ ಬೇಕು. ಹಿಂಡಿ ಮಾರಿದ ದುಡ್ಡು ಸೇರಿಸಿದರೂ ಮಿಲ್ಲಿನ ದರಕ್ಕೆ ಕೊಟ್ಟರೆ ಕೈಸುಡುತ್ತದೆ. ಸಣ್ಣ ಆಹಾರ ಉದ್ಯಮಗಳಿಗೆಂದು ಕೇಂದ್ರ 2020ರಲ್ಲಿ ಶುರುಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಮಾಡಿದ್ದರು. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ, ಚಿತ್ರದುರ್ಗಕ್ಕೆ ಶೇಂಗಾದ್ದು; ಯೋಜನೆಯ ಸಹಾಯಧನ ಶೇ 35 ಇತ್ತು. ಕಂತು ಶುರುವಾದ ಮೇಲೆ ಗಂಡನಿಗೆ ರಾತ್ರಿ ಎರಡಕ್ಕೆ ಎಚ್ಚರವಾಗತೊಡಗಿತು. ಆಕೆ ಮಾತು ನಿಲ್ಲಿಸಿದರು.

ಮೂರನೇ ಭೇಟಿಗೆ ಬ್ಯಾಂಕಿನ ಫೈಲು ತರಲು ಹೇಳಿದ್ದೆ. ‘ಮಾರುಕಟ್ಟೆ ಯೋಜನೆ’ ಅಂತ ಹನ್ನೊಂದು ಪುಟ. ಗಟ್ಟಿಯಾಗಿ ಓದಿ ಅಂತ ಗಂಡನಿಗೆ ಅಂದೆ. ‘ಬೆಂಗಳೂರಿನಂಥ ಮಹಾನಗರಗಳ ಆರೋಗ್ಯಪ್ರಜ್ಞೆಯುಳ್ಳ ಮೇಲ್ಮಧ್ಯಮ ವರ್ಗ’ ಅನ್ನುವಲ್ಲಿ ತಡವರಿಸಿದರು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಎಣ್ಣೆ ಹೋಗಿ ಉಪ್ಪಿನಕಾಯಿ ಆಗಿತ್ತು. ಫೈಲು ಮಾಡಿಕೊಟ್ಟವನು ಇನ್ಯಾರದೋ ವರದಿಯಿಂದ ಎತ್ತಿ ಇಟ್ಟಿದ್ದ. ಆಕೆಗೆ ನಗು ತಡೆಯಲಾಗಲಿಲ್ಲ. ಇವರ ಮುಖ ಕೆಂಪಾಯಿತು.

“ಇದು ನಂದಲ್ಲ ಮೇಡಂ, ಬ್ಯಾಂಕಿಂದು. ಸಾಲ ಪಾಸಾದ ಮೇಲೆ ತೆಗೆದೇ ಇಲ್ಲ. ನಾಯಕನಹಟ್ಟಿ ತಿಪ್ಪೇಸ್ವಾಮಿ ಅಜ್ಜ ಹೇಳಿಲ್ವಾ, ಮಾಡಿದಷ್ಟು ನೀಡು ಭಿಕ್ಷೆ ಅಂತ? ನಾನು ಮಾಡ್ತಾ ಇದೀನಿ, ಅಷ್ಟೇ.”

“ಸರಿ, ಎಷ್ಟು ಮಾಡಿದೀರಿ?” ಅಂದೆ. ಉತ್ತರವಿಲ್ಲ. ಫೇಸ್‌ಬುಕ್ ಬೂಸ್ಟಿಗೆ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವುದಕ್ಕೆ, ತಿಂಗಳಿಗೆ 4,000 ರೂಪಾಯಿ ಹೋಗುತ್ತಿದ್ದದ್ದು ಮಾತ್ರ ಅವರಿಗೆ ಗೊತ್ತಿತ್ತು. ಲೈಕು ಬಂದವು, ಲೀಟರು ಹೋಗಲಿಲ್ಲ.

ಆಗ ಆಕೆ ಬ್ಯಾಗಿನಿಂದ ಉದ್ರಿ ಪುಸ್ತಕ ತೆಗೆದರು. ಎಣ್ಣೆಗೈಯಲ್ಲಿ ತಿರುವಿ ತಿರುವಿ ಹಾಳೆಯ ಮೂಲೆಗಳು ಗಾಜಿನಂತಾಗಿದ್ದವು, ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. 41 ಹೆಸರು. ಹೆಸರಿನ ಪಕ್ಕದಲ್ಲಿ ಒಂದೆರಡು ಮಾತು: ‘ಟೀಚರಮ್ಮ, 5 ಲೀ, ಮಗಳು ಬೆಂಗಳೂರು.’ ‘ಕ್ಯಾನು ಬಸ್ಸಲ್ಲಿ ಸೋರಿತಂತೆ.’ ಎಣಿಸಿದೆವು. ಮಕ್ಕಳಿಗೆ ಕಳಿಸಲೆಂದು ಐದು ಲೀಟರ್ ಕೊಂಡ ಮನೆಗಳು ಒಂಬತ್ತು. ಫೈಲು ಹೇಳಿದ ಬೆಂಗಳೂರಿನ ಗಿರಾಕಿ ನಿಜಕ್ಕೂ ಇದ್ದ, ಆದರೆ ಅವನಿಗೆ ಎಣ್ಣೆ ಮುಟ್ಟುತ್ತಿದ್ದದ್ದು ಅಮ್ಮನ ಚೀಲದಲ್ಲಿ.

ಒಂದೇ ಹಾಳೆಯಲ್ಲಿ ಬರೆಸಿದೆ. ಮೂರು ತಿಂಗಳು ಬೂಸ್ಟ್ ಬಂದ್. ಆ ದುಡ್ಡಲ್ಲಿ ಸೋರದ ಮುಚ್ಚಳದ ಕ್ಯಾನು, ಮೇಲೆ ಫೋನ್ ನಂಬರಿನ ಚೀಟಿ. ಗೌರಿ ಹಬ್ಬ, ದಸರಾ, ದೀಪಾವಳಿಗೆ ಮಕ್ಕಳು ಊರಿಗೆ ಬರುತ್ತಾರಲ್ಲ, ಅದಕ್ಕೆ ವಾರ ಮೊದಲು ಒಂಬತ್ತು ಮನೆಗೂ ಆಕೆಯೇ ಹೋಗುವುದು. ದೀಪಾವಳಿ ಹೊತ್ತಿಗೆ ಬೆಂಗಳೂರಿಂದ ನೇರವಾಗಿ ಎಷ್ಟು ಫೋನು ಬಂತು ಅಂತ ಎಣಿಸುವುದು. ಹತ್ತಕ್ಕಿಂತ ಕಡಿಮೆಯಾದರೆ ಈ ದಾರಿ ಬಿಡುವುದು. ಪ್ರತಿ ಸೋಮವಾರ ಇಬ್ಬರೂ ಕೂತು ಹಾಳೆ ನೋಡುವುದು.

ಆಪ್ತಸಲಹೆಗಾರರಿಗೆ ವ್ಯಾಪಾರದ ಉಸಾಬರಿ ಯಾಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೆ, ಅಂಥದ್ದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ರಾತ್ರಿ ಎರಡಕ್ಕೆ ಆ ಮನುಷ್ಯನ ತಲೆಯಲ್ಲಿ ತಿರುಗುತ್ತಿದ್ದದ್ದು ಲೆಕ್ಕ ಸಿಗದ ಲೆಕ್ಕ. ಯಾರಿಗೆ, ಯಾವಾಗ, ಎಷ್ಟು ಖರ್ಚಲ್ಲಿ ಮಾರುತ್ತೇನೆ, ಯಾವ ದಿನ ನಿಲ್ಲಿಸಿ ನೋಡುತ್ತೇನೆ, ಇಷ್ಟು ಬರೆದಿಟ್ಟರೆ ಭಯಕ್ಕೂ ಒಂದು ಅಳತೆ ಬರುತ್ತದೆ ಅಂತ ನಂಬಿದವಳು ನಾನು. ಬೀರುವಿನ ಹನ್ನೊಂದು ಪುಟದಿಂದ ಅದು ಬರುವುದಿಲ್ಲ. ಸೋಮವಾರದ ಆ ಹತ್ತು ನಿಮಿಷ ಇಬ್ಬರೂ ಮಾತಾಡಲೇಬೇಕಿತ್ತು, ನನಗೆ ಬೇಕಾಗಿದ್ದದ್ದೂ ಅದೇ.

ಎಡವಿದ್ದು ಉದ್ರಿಯ ವಿಚಾರದಲ್ಲಿ. ನೆಂಟರಿಗೆ ಕಡ ಕೊಡುವುದನ್ನು ಒಂದೇ ಏಟಿಗೆ ನಿಲ್ಲಿಸಿ ಅಂದುಬಿಟ್ಟೆ. ನಾದಿನಿ ಗೌರಿ ಹಬ್ಬಕ್ಕೆ ತವರಿಗೇ ಬರಲಿಲ್ಲ. ‘ಹಬ್ಬದ ಬಾಗಿನಕ್ಕೆ ಒಂದು ಲೀಟರು, ಮಿಕ್ಕದ್ದಕ್ಕೆ ದುಡ್ಡು’ ಅಂತ ಬರೆಸಿದ್ದರೆ ಸಾಕಿತ್ತು. ಗಾಣದ ಲೆಕ್ಕ ನೋಡುತ್ತ ಮನೆಯ ಲೆಕ್ಕ ಮರೆತೆ.

ದೀಪಾವಳಿ ಕಳೆದು ವಾರಕ್ಕೆ ಅವರ ಫೋನು ಬಂತು. ಒಂಬತ್ತರಲ್ಲಿ ಆರು ಮನೆಯವರು ಕ್ಯಾನು ಕೊಂಡಿದ್ದಾರೆ, ಬೆಂಗಳೂರಿಂದ ಬಂದದ್ದು ಮೂರೇ ಫೋನು.

“ಹತ್ತು ಬರಲಿಲ್ಲ ಮೇಡಂ. ಬರೆದಂಗೆ ಬಿಟ್ಟುಬಿಡೋದಾ?”

ನಾನು ಉತ್ತರ ಹುಡುಕುತ್ತಿದ್ದೆ. ಆಕೆ ಫೋನು ಕಸಿದುಕೊಂಡರು. “ಮೂರರಲ್ಲಿ ಇಬ್ಬರು ಎರಡನೇ ಸಲಾನೂ ತರಿಸ್ಕೊಂಡ್ರು ಮೇಡಂ. ನಾವು ಬಿಡಲ್ಲ. ಹತ್ತು ಅಂತ ಬರೆಸಿದ್ದು ನೀವಲ್ವಾ?”