ಜನಪ್ರಿಯತೆ ಮತ್ತು ಜನಪ್ರಾತಿನಿಧ್ಯ

ಮಾನ್ಯರೇ,

ಕುಮಟಾದಿಂದ ತಾವು ಬರೆದ ಪತ್ರ ತಲುಪಿದೆ. ಚುನಾವಣೆಯ ವೇಳೆ ಚಿತ್ರನಟರೊಬ್ಬರ ರೋಡ್ ಶೋಗೆ ಮುಗಿಬಿದ್ದ ಜನ, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಕರೆದ ಸಭೆಗೆ ಬರಲಿಲ್ಲವೆಂದು ನೊಂದಿದ್ದೀರಿ. ನಟನಟಿಯರು ರಾಜಕೀಯಕ್ಕೆ ಬರುವುದನ್ನು ಕಾನೂನೇ ತಡೆಯಬೇಕು, ಅವರ ಪ್ರಚಾರದ ಚಿತ್ರಗಳನ್ನು ಈ ಪತ್ರಿಕೆ ಅಚ್ಚು ಹಾಕಬಾರದು ಎಂದೂ ಒತ್ತಾಯಿಸಿದ್ದೀರಿ.

ತಮ್ಮ ನೋವು ನಮ್ಮದೂ ಹೌದು. ಆದರೆ ತಡೆಯುವ ಮಾತನ್ನು ನಾವು ಒಪ್ಪಲಾರೆವು. ಎಂ.ಜಿ. ರಾಮಚಂದ್ರನ್ 1977ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾಗುವ ಹೊತ್ತಿಗೆ ದ್ರಾವಿಡ ಪಕ್ಷಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿದ್ದರು. ನಟನೆ ಅವರ ಅನರ್ಹತೆಯಾಗಿರಲಿಲ್ಲ.

ಹೆಸರಿಗೆ ಮತ ಹಾಕುವವರಲ್ಲ ನಮ್ಮ ಜಿಲ್ಲೆಯ ಜನ ಎನ್ನುವುದಕ್ಕೆ ಚರಿತ್ರೆಯ ಸಾಕ್ಷಿಯಿದೆ. 1967ರಲ್ಲಿ ಕೆನರಾ (ಈಗಿನ ಉತ್ತರ ಕನ್ನಡ) ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದ ದಿನಕರ ದೇಸಾಯಿಯವರ ಚುಟುಕುಗಳು ಮನೆಮಾತಾಗಿದ್ದವು ನಿಜ. ಆದರೆ ಅವರ ಬೆನ್ನಿಗಿದ್ದದ್ದು ಗೇಣಿದಾರ ರೈತರ ಹೋರಾಟ ಮತ್ತು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ ಮೂಲಕ ಊರೂರಿಗೆ ತಲುಪಿದ ಶಾಲೆಗಳು. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಇದೇ ಕ್ಷೇತ್ರದಿಂದ ಸ್ಪರ್ಧಿಸಿದ ಶಿವರಾಮ ಕಾರಂತರು ನಾಡಿಗೇ ದೊಡ್ಡವರಾಗಿದ್ದರೂ ಸೋತರು. ಆ ಸೋಲು ನಮಗೆ ಇಂದಿಗೂ ಬೇಸರದ ಸಂಗತಿ. ಆದರೂ ಖ್ಯಾತಿಯನ್ನೂ ಮತವನ್ನೂ ಬೇರೆಬೇರೆಯಾಗಿ ನೋಡುವ ಮತದಾರ ಇಲ್ಲಿದ್ದ ಎಂಬುದಂತೂ ಅದರಿಂದ ತಿಳಿಯುತ್ತದೆ.

ನಮ್ಮನ್ನು ಹೆಚ್ಚು ಕಾಡುತ್ತಿರುವುದು ನಟರಲ್ಲ, ನಟರಂತೆ ನಡೆದುಕೊಳ್ಳತೊಡಗಿರುವ ರಾಜಕಾರಣಿಗಳು. ಹುಟ್ಟುಹಬ್ಬದ ಫ್ಲೆಕ್ಸ್, ಹಿನ್ನೆಲೆ ಸಂಗೀತ ಜೋಡಿಸಿದ ರೀಲ್ಸ್, ವೇದಿಕೆಗೆ ಬರುವಾಗಿನ ಜೈಕಾರ, ಸೆಲ್ಫಿ, ನಿರ್ಗಮನ: ಇದರಲ್ಲೆಲ್ಲೂ ಪ್ರಶ್ನೆ ಕೇಳಲು ಬಿಡುವಿಲ್ಲ. ಅಭಿಮಾನಿಗೆ ಪ್ರಶ್ನೆಯ ಅಗತ್ಯವೂ ಇರುವುದಿಲ್ಲ. ಮತದಾರನನ್ನು ಅಭಿಮಾನಿಯನ್ನಾಗಿ ಮಾಡಿಕೊಂಡ ಮೇಲೆ ಪ್ರತಿನಿಧಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಕಾನೂನೂ ಖ್ಯಾತರಿಗೆ ಒಂದಿಷ್ಟು ಅನುಕೂಲ ಮಾಡಿಕೊಟ್ಟಿದೆ. ಮಾನ್ಯತೆ ಪಡೆದ ಪಕ್ಷವೊಂದು 40 ತಾರಾ ಪ್ರಚಾರಕರನ್ನು ಹೆಸರಿಸಬಹುದು; ಪಕ್ಷದ ಪ್ರಚಾರಕ್ಕಾಗಿ ಅವರು ಮಾಡುವ ಪ್ರಯಾಣದ ಖರ್ಚು ಅಭ್ಯರ್ಥಿಯ ಚುನಾವಣಾ ವೆಚ್ಚದ ಲೆಕ್ಕಕ್ಕೆ ಸೇರುವುದಿಲ್ಲ. ಹೆಲಿಕಾಪ್ಟರಿನಲ್ಲಿ ಬಂದಿಳಿಯುವ ಪ್ರಚಾರಕರೆದುರು ಸ್ವಂತ ಖರ್ಚಿನಲ್ಲಿ ಹಳ್ಳಿ ಸುತ್ತುವ ಪಕ್ಷೇತರ ಅಭ್ಯರ್ಥಿಯ ಪಾಡು ಏನೆಂದು ತಾವೇ ಊಹಿಸಬಹುದು. ತಿದ್ದುಪಡಿ ಬೇಕಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಇನ್ನು ಚಿತ್ರಗಳ ಮಾತು. ಘಟ್ಟದ ಮೇಲಿನ ಶಿರಸಿಯಿಂದಾಗಲಿ ಕರಾವಳಿಯ ಅಂಕೋಲೆಯಿಂದಾಗಲಿ ಜೀವ ಉಳಿಸಿಕೊಳ್ಳಲು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಗಳಿಗೆ ಓಡಬೇಕಾದ ಸ್ಥಿತಿಯಿರುವಾಗ, ಮತ ಕೇಳಲು ಬಂದವರ ಮುಖವನ್ನಷ್ಟೇ ಅಚ್ಚು ಹಾಕಿ ಸುಮ್ಮನಿರುವುದು ಪತ್ರಿಕೆಗೆ ತಕ್ಕ ಕೆಲಸವಲ್ಲ. ಆದ್ದರಿಂದ ಮುಂದಿನ ಚುನಾವಣೆಯಲ್ಲಿ ತಾರೆಯ ಚಿತ್ರ ಪ್ರಕಟವಾದರೆ ಅದರ ಪಕ್ಕದಲ್ಲೇ ಆಸ್ಪತ್ರೆಯ ಕುರಿತು ಆ ಪಕ್ಷದ ಅಭ್ಯರ್ಥಿಗೆ ನಾವು ಕೇಳಿದ ಪ್ರಶ್ನೆಯೂ ಅವರು ಕೊಟ್ಟ ಉತ್ತರವೂ ಇರುತ್ತವೆ. ಉತ್ತರ ಬಾರದಿದ್ದರೆ ಬಂದಿಲ್ಲವೆಂದೇ ಬರೆಯುತ್ತೇವೆ. ತಮ್ಮ ಪ್ರಶ್ನೆಗಳನ್ನೂ ಕಳುಹಿಸಿಕೊಡಿ.

— ಸಂಪಾದಕ